ಕಾಕಾನ ಕಾರು ಖಾನಾಪುರಕ್ಕೆ ಹೋದದ್ದು

ಕಾರು ಕೊಳ್ಳುವುದು ಓಡಿಸುವುದಕ್ಕೆ ಎಂದು ನೀವು ತಿಳಿದುಕೊಂಡಿದ್ದರೆ ನಮ್ಮ ಕಾಕಾ ನಿಮ್ಮನ್ನು ಕಂಡು ಮರುಗುತ್ತಾರೆ. ಅವರ ಪ್ರಕಾರ ಕಾರು ಇರುವುದು ತೊಳೆಯುವುದಕ್ಕೆ. ನಡುನಡುವೆ ಒಂದಿಷ್ಟು ಓಡಿಸಬೇಕಾಗುತ್ತದೆ, ಅದೂ ನಿಜ. ಓಡಿಸದಿದ್ದರೆ ಧೂಳು ಹತ್ತುವುದು ಹೇಗೆ? ಧೂಳು ಹತ್ತದಿದ್ದರೆ ರವಿವಾರ ಮನುಷ್ಯ ಮಾಡುವುದಾದರೂ ಏನು?

ಕಾಕಾ ಎಂದರೆ ನಮ್ಮ ಮೌಶಿಯ, ಅಂದರೆ ನನ್ನ ತಾಯಿಯ ತಂಗಿಯ, ಗಂಡ. ಬೆಳಗಾವಿಯ ಖಾಸಬಾಗದಲ್ಲಿ ಮನೆ. ಉದ್ಯಮಬಾಗದಲ್ಲಿ ಸಣ್ಣದೊಂದು ವರ್ಕ್‌ಶಾಪು. ಅಲ್ಲಿ ಕಬ್ಬಿಣದ ರಾಡುಗಳನ್ನು ಮುಖ ಕಾಣುವಷ್ಟು ನುಣುಪು ಮಾಡಿ ಯಂತ್ರ ಕಟ್ಟುವವರಿಗೆ ಕೊಡುತ್ತಾರೆ. ವಾರವೆಲ್ಲ ಇನ್ನೊಬ್ಬರ ಕಬ್ಬಿಣ ಹೊಳೆಸಿದ ಮನುಷ್ಯ ರಜೆಯ ದಿನ ಕಾಲು ಚಾಚಿ ಮಲಗಬೇಕಲ್ಲವೆ? ಇವರು ಕೆಲವು ವರ್ಷಗಳ ಹಿಂದೆ ಗೋವಾಕ್ಕೆ ಹೋಗಿ ಯಾರದೋ ಹಳೆಯ ಸ್ಪೋರ್ಟ್ಸ್ ಕಾರು ಕೊಂಡು ತಂದರು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಂಥ ಮೈ. ಮೇಲಾಗಿ ಬಣ್ಣ ಕರಿ!

"ಕರೀ ಬಣ್ಣಾನ ಯಾಕ್ರಿ ತಂದ್ರಿ?" ಎಂದು ಮೌಶಿ ಕೇಳಿದ್ದಕ್ಕೆ, "ಬಿಳೀದು ಯಾರರೆ ಇಟಗೋತಾರ. ಕರೀದ್ರಾಗ ಕೂದಲದಷ್ಟು ಗೀರು ಬಿದ್ರೂ ಕಾಣತೈತಿ" ಎಂದರಂತೆ. ಗೀರು ಕಾಣಬಾರದೆಂದು ಬಣ್ಣ ಆರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಕಾಣಲೆಂದೇ ಆರಿಸಿದವರನ್ನು ನೋಡಿದ್ದು ಇವರೊಬ್ಬರನ್ನೇ.

ರವಿವಾರ ಬಿಸಿಲೇರುವ ಮೊದಲೇ ಕೆಲಸ ಶುರು. ಬಿಸಿಲಿನಲ್ಲಿ ತೊಳೆದರೆ ನೀರು ಮೈಮೇಲೇ ಒಣಗಿ ಕಲೆಯಾಗುತ್ತದಂತೆ. ಬೋರಿನ ನೀರಂತೂ ಹತ್ತಿರ ಸುಳಿಯುವಂತಿಲ್ಲ, ಅದರಲ್ಲಿ ಸುಣ್ಣವಂತೆ. ಹೀಗಾಗಿ ಮನೆಮಂದಿಗೆ ನಳದ ನೀರು, ಕಾರಿಗೆ ಫಿಲ್ಟರಿನ ನೀರು! ಕಾಕಾ ಮೊದಲು ಕೈಗಡಿಯಾರ, ಬೆಲ್ಟು, ಲಗ್ನದ ಉಂಗುರ ಎಲ್ಲ ಕಳಚಿ ಕಟ್ಟೆಯ ಮೇಲಿಡುತ್ತಾರೆ. ಆಮೇಲೆ ಎರಡು ಬಕೆಟ್ಟು. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೆತ್ತನೆಯ ಬಟ್ಟೆಯನ್ನು ಶಾಂಪೂವಿನಲ್ಲಿ ಅದ್ದಿ ಒಮ್ಮೆ ಎಳೆದರೆ, ಬರೀ ನೀರಿನಲ್ಲಿ ಜಾಲಾಡಿಸಿಯೇ ಮತ್ತೆ ಶಾಂಪೂವಿಗೆ ಅದ್ದಬೇಕು. ಬಟ್ಟೆಗೆ ಒಂದೇ ಒಂದು ಉಸುಕಿನ ಹರಳು ಅಂಟಿದ್ದರೂ ಅದು ಕಾರಿನ ಮೈ ಮೇಲೆ ಗೆರೆ ಎಳೆಯುತ್ತದೆ. ತೊಳೆದು ಒರೆಸಿ, ಟಾರ್ಚು ಹಿಡಿದು ಓರೆಗಣ್ಣಿನಿಂದ ಮೈಯೆಲ್ಲ ತಪಾಸಣೆ ಮಾಡಿ, ಗೀರು ಕಂಡಲ್ಲಿ ಪಾಲಿಶ್ ಹಾಕಿ, ಕೊನೆಗೆ ಮೇಣ. ಮೇಣವನ್ನು ಮಾತ್ರ ಬೆರಳ ತುದಿಯಿಂದಲೇ ಹಚ್ಚುತ್ತಾರೆ, ಹಸುಗೂಸಿಗೆ ಎಣ್ಣೆ ಹಚ್ಚಿದ ಹಾಗೆ.

ಇಷ್ಟು ಮುಗಿಯುವ ಹೊತ್ತಿಗೆ ಖಾಸಬಾಗಕ್ಕೆ ಬೆಳಕು ಹರಿದು ಮಗ್ಗಗಳು ಎದ್ದಿರುತ್ತವೆ. ಓಣಿಯಲ್ಲಿ ಹತ್ತಿಯ ಎಳೆಗಳು ತೇಲತೊಡಗುತ್ತವೆ. ಹಸಿ ಮೇಣ ಕಂಡರೆ ಅವು ಬಿಟ್ಟಾವೆಯೆ? ಒಂದು ಸಲ ಕಾಕಾ ತಡೆಯಲಾರದೆ ಬಾಜು ಮನೆಯ ಮಗ್ಗದವರ ಬಾಗಿಲಿಗೆ ಹೋಗಿ, "ಒಂದ ತಾಸು ಮಗ್ಗ ಬಂದ್ ಇಡ್ರಲಾ, ಮೇಣ ಇನ್ನಾ ಹಸೀ ಐತಿ" ಎಂದರು.

ಆ ಮನುಷ್ಯ ಮಗ್ಗದ ಗದ್ದಲದ ನಡುವೆ ತಲೆಯೆತ್ತಿ, "ಸೀರಿ ಮುಗಿಯಾಕ ಬಂದೈತ್ರಿ. ಬೇಕಾದ್ರ ಮುಗದಮ್ಯಾಲ ಇದನ್ನ ನಿಮ್ಮ ಕಾರಿಗೇ ಉಡಸೂಣೇನು?" ಎಂದ.

ಮೌಶಿಗೂ ಕಾರಿಗೂ ನಡುವೆ ಒಂದು ಗಡಿಯಿದೆ. ಅವಳು ಕಸ ಗುಡಿಸುತ್ತ ಸ್ವಲ್ಪ ಆ ಕಡೆ ವಾಲಿದರೂ ಒಳಗಿನಿಂದ "ಬಳಿ! ಬಳಿ!" ಎಂದು ಕೂಗು ಕೇಳುತ್ತದೆ. ಬಳೆ ಕಾರಿಗೆ ತಾಗೀತೆಂಬ ಭಯ. "ಬಳಿ ಒಡದ್ರ ಚಿಂತಿಲ್ಲ ಇವರಿಗೆ, ಕಾರಿಗೆ ನೋವಾಗಬಾರದು" ಎಂದು ಅವಳು ನನ್ನೆದುರು ಸಿಡುಕುತ್ತಾಳೆ. ಖಂಡೇನವಮಿಯ ದಿನ ಗಾಡಿಗಳಿಗೆ ಪೂಜೆಯಲ್ಲವೆ? ಆವತ್ತಂತೂ ಮಹಾಯುದ್ಧ. ಕುಂಕುಮದ ಪುಡಿಯಲ್ಲಿ ಹರಳಿರುತ್ತದೆ, ಬಣ್ಣ ಇಳಿಯುತ್ತದೆ ಎಂದು ಕಾಕಾ. ಕುಂಕುಮವಿಲ್ಲದೆ ಅದೆಂಥ ಪೂಜೆ ಎಂದು ಮೌಶಿ. ಕೊನೆಗೆ ಕಾಕಾ ಬಾನೆಟ್ಟಿನ ಮೇಲೆ ಅಗಲವಾದ ಕಾಗದದ ಟೇಪು ಅಂಟಿಸಿ, "ಹಚ್ಚು, ಇದರ ಮ್ಯಾಲ ಎಷ್ಟ ಬೇಕಾದ್ರೂ ಹಚ್ಚು" ಎಂದು ದೊಡ್ಡ ಮನಸ್ಸು ಮಾಡಿದರು. ಆರತಿ ಆಯಿತು, ಕಾಯಿ ಒಡೆದದ್ದಾಯಿತು. ಆಮೇಲೆ ಟೇಪನ್ನು ನಾಜೂಕಾಗಿ ಬಿಚ್ಚಿ, ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ದೇವರ ಜಗುಲಿಯ ಮೇಲಿಟ್ಟರು. ಪೂಜೆ ಸಂದದ್ದು ಕಾರಿಗೋ ಟೇಪಿಗೋ ಎಂದು ನನ್ನ ತಾಯಿ ಈಗಲೂ ಕೇಳುತ್ತಾಳೆ.

ನಗುವುದೇನೋ ಸುಲಭ. ನಾವೆಲ್ಲ ನಕ್ಕದ್ದೂ ಆಯಿತು. ಆದರೆ ಮೌಶಿ ಒಮ್ಮೆ ಹೇಳಿದ ಮಾತು ನನ್ನ ನಗುವನ್ನು ಸ್ವಲ್ಪ ತಡೆದಿದೆ. ಕಾಕಾನ ತಾಯಿ ತೀರಿಕೊಂಡಾಗ ಅವರಿನ್ನೂ ಕೂಸು, ಸರಿಯಾಗಿ ಮಾತೂ ಬರುತ್ತಿರಲಿಲ್ಲವಂತೆ. ಬೆಳೆದದ್ದು ಧರ್ಮಾರ್ಥ ಬೋರ್ಡಿಂಗಿನಲ್ಲಿ. ಅಲ್ಲಿ ಉಂಡ ತಾಟು ತಾನೇ ತೊಳೆಯಬೇಕು, ಅಂಗಿ ತಾನೇ ಒಗೆಯಬೇಕು, ತಲೆಗೆ ತಾನೇ ಎಣ್ಣೆ ಹಚ್ಚಿಕೊಳ್ಳಬೇಕು. ಆ ರೂಢಿ ಹೋಗಲೇ ಇಲ್ಲ. ಇಂದಿಗೂ ಲಗ್ನದ ಊಟದಲ್ಲಿ ತಮ್ಮ ತಾಟು ಹಿಡಿದುಕೊಂಡು ನಳ ಎಲ್ಲಿದೆ ಎಂದು ಹುಡುಕುತ್ತಾರೆ, ಬಡಿಸುವವರು ಗಾಬರಿಯಾಗುತ್ತಾರೆ.

"ಲಗ್ನ ಆದಾಗಿಂದ ಇವರ ಒಂದ ಅಂಗಿ ಒಗದಿಲ್ಲ ನಾ" ಎಂದಿದ್ದಳು ಮೌಶಿ. "ಗೆಳತ್ಯಾರೆಲ್ಲಾ ಪುಣ್ಯಾ ಮಾಡೀದಿ ಅಂತಾರ. ನನಗ ಮಾತ್ರ ನಾಕ ದಿನಕ್ಕ ಬಂದ ಪಾವಣ್ಯಾರ ಜೋಡಿ ಸಂಸಾರ ಮಾಡಿದಂಗ ಆಗತೈತಿ ನೋಡವಾ."

ತನ್ನದನ್ನು ಯಾರ ಕೈಗೂ ಕೊಡದ ಮನುಷ್ಯನನ್ನು ಪ್ರೀತಿಸುವುದು ಕಷ್ಟದ ಕೆಲಸ. ನಾವು ಒಬ್ಬರ ಮೇಲೆ ಅಕ್ಕರೆ ತೋರಿಸುವುದೆಲ್ಲ ಇಂಥ ಸಣ್ಣ ಕೆಲಸಗಳಲ್ಲೇ ಅಲ್ಲವೆ? ಅಂಗಿಯ ಗುಂಡಿ ಹಚ್ಚುವುದು, ತಲೆ ಒರೆಸುವುದು, ಉಂಡ ತಾಟು ಎತ್ತುವುದು. ಅವೆಲ್ಲ ಬೇಡವೆಂದವರಿಗೆ ಕೊಡುವುದೇನು? ಮೌಶಿಗೆ ಈ ಪ್ರಶ್ನೆಗೆ ಇಷ್ಟು ವರ್ಷ ಉತ್ತರ ಸಿಕ್ಕಿರಲಿಲ್ಲ.

ಇನ್ನು ಖಾನಾಪುರದ ಮಾತಿಗೆ ಬರುತ್ತೇನೆ. ಅಲ್ಲಿ ಮೌಶಿಯ ತಾಯಿ, ನಮ್ಮ ಆಯಿ, ಮಾಮಾನ ಮನೆಯಲ್ಲಿರುತ್ತಾಳೆ. ಬೆಳಗಾವಿಯಿಂದ ಹೊರಟು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಖಾನಾಪುರ ಬರುತ್ತದೆ. ಆದರೆ ಕಾಕಾನ ಕಾರಿಗೆ ಅದು ಏಳು ಸಮುದ್ರದಾಚೆ! ಅಲ್ಲಿ ಮಳೆ ಹೆಚ್ಚು, ಮಣ್ಣು ಕೆಂಪು, ದಾರಿಯ ಗಿಡಗಳಿಂದ ಅಂಟು ಸೋರುತ್ತದೆ, ಹಕ್ಕಿಗಳಿಗೆ ಮರ್ಯಾದೆಯಿಲ್ಲ. ಹೀಗಾಗಿ ಕಾರು ಬಂದಾಗಿನಿಂದ ಒಮ್ಮೆಯೂ ಆ ಊರಿಗೆ ಹೋಗಿರಲಿಲ್ಲ. ಮೌಶಿ ಕೆಂಪು ಬಸ್ಸಿನಲ್ಲೇ ತವರಿಗೆ ಹೋಗಿ ಬರುತ್ತಿದ್ದಳು. ಅಲ್ಲಿಯ ಎದುರು ಮನೆಯ ಮರಾಠಿ ಬಾಯಿ ಪ್ರತಿ ಸಲವೂ "ಗಾಡಿ ಕುಠೆ ಗ?" ಎಂದು, ಗಾಡಿ ಎಲ್ಲಿ ಎಂದು, ತಪ್ಪದೆ ವಿಚಾರಿಸುತ್ತಿದ್ದಳು. ಅಳಿಯನಿಗೆ ನಮ್ಮ ಮನೆಯೆಂದರೆ ತಾತ್ಸಾರ ಎಂದು ಆಯಿಯ ಮನಸ್ಸಿನಲ್ಲಿ ಕೂತುಬಿಟ್ಟಿತು.

ಈ ವರ್ಷ ಆಯಿಯ ಎರಡೂ ಕಣ್ಣಿಗೆ ಪೊರೆ ಬಂತು. ಬೆಳಗಾವಿಯ ಡಾಕ್ಟರು ಇನ್ನು ತಡ ಮಾಡುವಂತಿಲ್ಲ ಎಂದು ದಿನವನ್ನೂ ಕೊಟ್ಟರು. ಆಯಿ ಹಟ ಹಿಡಿದಳು. "ಅಳಿಯಾರು ಆ ಕಾರ ತಗೊಂಡು ಕರಿಯಾಕ ಬಂದ್ರ ಬರ್ತೀನಿ. ಇಲ್ಲಾಂದ್ರ ಇಷ್ಟ ಕಾಣೂದ ಸಾಕು ನನಗ."

ಹೊರಗೆ ಆಷಾಢದ ಮಳೆ. ಕಾಕಾ ಆಕಾಶ ನೋಡಿದರು, ಕಾರು ನೋಡಿದರು. "ದೀಪಾವಳಿ ಆದಮ್ಯಾಲ ಹೋಗೂಣು. ರಸ್ತಾ ಒಣಗಿರತೈತಿ" ಎಂದರು.

"ಅಷ್ಟೊತ್ತಿಗೆ ನಮ್ಮವ್ವನ ಕಣ್ಣ ಹೋಗಿರ್ತಾವ್ರೀ, ನಿಮ್ಮ ಮೇಣದ ಸಲುವಾಗಿ!" ಎಂದು ಮೌಶಿ ಅತ್ತುಬಿಟ್ಟಳು. ಅವಳು ಗಂಡನೆದುರು ಅತ್ತದ್ದು ಅದೇ ಮೊದಲಂತೆ. ಕಾಕಾ ಹೊರಗೆ ಹೋಗಿ, ಯುದ್ಧಕ್ಕೆ ಹೊರಟವನಿಗೆ ಕವಚ ತೊಡಿಸಿದಂತೆ ಕಾರಿಗೆ ಮೇಣದ ಮೇಲೆ ಮೇಣ ಹಚ್ಚತೊಡಗಿದರು.

ಆಯಿಯನ್ನು ಸಜ್ಜು ಮಾಡಲು ನಾನು ಮೊದಲೇ ಖಾನಾಪುರಕ್ಕೆ ಹೋಗಿ ಕೂತಿದ್ದೆ. ಕಾರಿಗೆ ಎರಡೇ ಸೀಟು, ಮರಳುವಾಗ ನಾನೂ ಮೌಶಿಯೂ ಬಸ್ಸು ಹಿಡಿಯುವವರು. ಗಂಡ ಹೆಂಡತಿ ಬಂದು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ದಾರಿಯಲ್ಲಿ ಪಂಕ್ಚರ್ ಆಗಿ, ಸುರಿಯುವ ಮಳೆಯಲ್ಲಿ ಕಾಕಾ ಗಾಲಿ ಬದಲಿಸಿದ್ದರು. "ಕೊಡಿ ಇದ್ದಿಲ್ಲೇನು?" ಎಂದು ಮೌಶಿಯನ್ನು ಕೇಳಿದೆ. "ಇತ್ತು. ಕಾರಿನ ಮ್ಯಾಲ ಹಿಡಿ ಅಂದ್ರು. ನಾ ಇವರ ಮ್ಯಾಲ ಹಿಡದ್ನಿ" ಎಂದಳು. ಕಾರು ಕಿಟಕಿಯವರೆಗೂ ಕೆಂಪು ಮಣ್ಣಾಗಿತ್ತು. ಎದುರು ಮನೆಯ ಬಾಯಿ "ಜಾವಯಿ ಆಲೇ! ಜಾವಯಿ ಆಲೇ!" ಎಂದು ಅಳಿಯ ಬಂದ ಸುದ್ದಿಯನ್ನು ಇಡೀ ಓಣಿಗೆ ಸಾರಿದಳು. ಆಯಿ ಹೊಸ್ತಿಲಲ್ಲಿ ನಿಂತು, ಮಂಜುಗಣ್ಣು ಕಿರಿದು ಮಾಡಿ, "ಬರ್ರಿ ಅಳಿಯಾರ, ಬರ್ರಿ. ಬಂದ್ರಲ್ಲಾ" ಎಂದಳು.

ಕಾಕಾ ಸಾಬೂನು ಹಚ್ಚಿ ಎಷ್ಟು ತೊಳೆದರೂ ಕೈಯ ಗ್ರೀಸು ಹೋಗಲಿಲ್ಲ. ಹೋಳಿಗೆಯನ್ನೂ ಚಮಚದಲ್ಲೇ ಉಂಡರು. ಮಳೆ ನಿಂತಿತ್ತು. ಮಣ್ಣು ನೆನೆಯದೆ ಮುಟ್ಟಿದರೆ ಗೀರು ಬೀಳುತ್ತದೆ, ಸಂಜೆ ಸಾವಕಾಶ ತೊಳೆಯುತ್ತೇನೆ ಎನ್ನುತ್ತ, ಕಾರಿನ ಡಿಕ್ಕಿಯಲ್ಲಿ ಫಿಲ್ಟರಿನ ನೀರಿನ ಕ್ಯಾನು ತಂದಿರುವುದನ್ನು ಅಭಿಮಾನದಿಂದ ಹೇಳುತ್ತ, ತುಪ್ಪದ ಭಾರಕ್ಕೆ ಪಡಸಾಲೆಯ ಜಮಖಾನೆಯ ಮೇಲೆ ನಿದ್ದೆಹೋದರು. ನಾನೂ ಮೌಶಿಯೂ ಹಿತ್ತಲಲ್ಲಿ ಮಾತಿಗೆ ಕೂತೆವು.

ಸ್ವಲ್ಪ ಹೊತ್ತಿಗೆ ಮುಂಬಾಗಿಲ ಕಡೆಯಿಂದ ಗರ ಗರ ಎಂದು ಸಪ್ಪಳ ಕೇಳಿತು. ಹಂಡೆ ತಿಕ್ಕುವ ಸಪ್ಪಳ. ಮನೆಯ ಹಂಡೆ ಹಿತ್ತಲಲ್ಲಿ ನಮ್ಮೆದುರೇ ಇತ್ತು! ಮೌಶಿ ಎದ್ದು ಓಡಿದಳು, ಹಿಂದೆ ನಾನು.

ಆಯಿ ಕಾರಿನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ಮುಂದೆ ತೆಂಗಿನ ಚಿಪ್ಪಿನಲ್ಲಿ ಬೂದಿ, ಒಂದು ಉಂಡೆ ಹುಣಸೆಹಣ್ಣು. ಕೈಯಲ್ಲಿ ತೆಂಗಿನ ನಾರು. ಜೀವಮಾನವೆಲ್ಲ ಹಿತ್ತಾಳೆ ಕೊಡ ಬೆಳಗಿದ ಕೈ ಅದು, ಸೋತಿರಲಿಲ್ಲ. ಬಾನೆಟ್ಟು ಮುಗಿದಿತ್ತು, ಬಾಗಿಲು ಅರ್ಧ ಆಗಿತ್ತು.

"ಯವ್ವಾ! ಏನ ಮಾಡಾಕತ್ತೀಬೇ?" ಎಂದು ಮೌಶಿ ಚೀರಿದಳು.

ಆಯಿ ಹೊರಳಿ ನೋಡದೆ ಹೇಳಿದಳು: "ಮಣ್ಣೆಲ್ಲಾ ಹೋತ ನೋಡು. ಈ ಕರಿ ಅಷ್ಟ ಹೋಗವಲ್ದು. ಎಷ್ಟ ದಿನದ್ದೋ ಏನೋ, ಭಾಳ ಹತಗೊಂಡೈತಿ!"

ನನಗೆ ನಗು ಒತ್ತರಿಸಿ ಬಂತು, ಆದರೆ ನಗಲಿಲ್ಲ. ಕಾಕಾ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು.

ಅವರು ಮೆಲ್ಲಗೆ ಮೆಟ್ಟಿಲಿಳಿದು, ಕುಕ್ಕರಗಾಲಿನಲ್ಲಿ ಕೂತು, ಓರೆಗಣ್ಣಿನಿಂದ ಕಾರಿನ ಬಾಗಿಲು ನೋಡಿದರು. ಗೀರು ಹುಡುಕಬೇಕಾಗಿಯೇ ಇರಲಿಲ್ಲ. ಗೀರಿಲ್ಲದ ಜಾಗವನ್ನು ಹುಡುಕಬೇಕಿತ್ತು. ಹೊಳಪು ಸತ್ತು ಕರಿ ಬಣ್ಣ ಬೂದಿ ಬಣ್ಣವಾಗಿತ್ತು. ಈಗ ಇವರು ಒಂದು ಮಾತು ಗದರಿದರೆ ಸಾಕು, ಆಯಿ ಒಳಗೆ ಹೋಗಿ ಕೂತುಬಿಡುತ್ತಾಳೆ. ಆಮೇಲೆ ಬೆಳಗಾವಿಯೂ ಇಲ್ಲ, ಡಾಕ್ಟರೂ ಇಲ್ಲ, ಕಣ್ಣೂ ಇಲ್ಲ. ಬಳೆ ತಾಗೀತೆಂದೇ ಓಣಿಗೆ ಕೇಳುವಂತೆ ಕೂಗುವ ಮನುಷ್ಯ ಇವರು. ಮೌಶಿ ಎರಡೂ ಕೈ ಜೋಡಿಸಿ, ತುಟಿಯಲ್ಲೇ "ಬ್ಯಾಡ್ರೀ" ಎಂದಳು.

ಹತ್ತಿರ ಯಾರೋ ಕೂತದ್ದು ಆಯಿಗೆ ತಿಳಿಯಿತು. "ಯಾಕ್ರಿ ಅಳಿಯಾರ, ಎದ್ರಿ? ಮಕ್ಕೋರಿ. ಎಲ್ಲಾ ನೀವ ತೊಳಕೋತೀರಂತ ನನ್ನ ಮಗಳು ಹೇಳತಿರ್ತಾಳ. ಮಾವನ ಮನಿಗೆ ಬಂದೀರಿ, ಒಂದ ದಿನ ನಾ ತಿಕ್ಕಿದ್ರ ಏನಾತು?"

ಕಾಕಾ ಕೈ ಚಾಚಿದರು. ನಾರು ಕಸಿದುಕೊಳ್ಳುತ್ತಾರೆಂದೇ ನಾನು ತಿಳಿದೆ. ಅಷ್ಟರಲ್ಲಿ ಆಯಿ ಆ ಕೈಯನ್ನೇ ಹಿಡಿದು ತನ್ನ ಕಣ್ಣಿನ ಸಮೀಪ ತಂದುಕೊಂಡಳು. ಉಗುರಿನ ಸಂದಿಯಲ್ಲಿ, ಗೆಣ್ಣಿನ ಗೆರೆಗಳಲ್ಲಿ ಕಪ್ಪು ಗ್ರೀಸು ಕೂತಿತ್ತು.

"ಅಯ್ಯ! ಇದೇನ ಕೈ ಇದು? ಅದಕ್ಕ ಚಮಚಾದಾಗ ಉಂಡಿ ಏನು? ಕುಂದರ ಇಲ್ಲೆ" ಎಂದಳು.

ಕಾಕಾ ತಮ್ಮ ಇಸ್ತ್ರಿಯ ಪ್ಯಾಂಟಿನಲ್ಲೇ ಹಸಿ ನೆಲದ ಮೇಲೆ ಕೂತರು. ಆಯಿ ಬೂದಿ ಹಾಕಿದಳು, ಹುಣಸೆಹಣ್ಣು ಉಜ್ಜಿದಳು, ಒಂದೊಂದು ಬೆರಳನ್ನೂ ಬಿಡಿಸಿ ಹಿಡಿದು ನಾರಿನಿಂದ ತಿಕ್ಕಿದಳು. ಆ ನಾರು ಚರ್ಮಕ್ಕೆ ಉರಿಯುತ್ತದೆಂದು ನನಗೆ ಗೊತ್ತು, ಚಿಕ್ಕಂದಿನಲ್ಲಿ ಅವಳ ಕೈಯಲ್ಲಿ ತಿಕ್ಕಿಸಿಕೊಂಡವಳು ನಾನು. ಕಾಕಾ ಕೈ ಎಳೆದುಕೊಳ್ಳಲಿಲ್ಲ. ಅವರ ಅಂಗಿಯೊಂದನ್ನೂ ಎಂದೂ ಒಗೆಯದ ಮೌಶಿ ಗೋಡೆಗೆ ಒರಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಮೇಲೆ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು, ಗಂಡನ ಕೈಮೇಲೆ ತಾನೇ ಹನಿಸಿದಳು. ಗ್ರೀಸೆಲ್ಲ ಹೋಗಿ ಆ ಕೈಗಳು ಕೆಂಪಗಾದವು.

"ಹೂಂ, ಆತು. ಏಳಪಾ" ಎಂದು ಆಯಿ ನಾರು ಕೆಳಗಿಟ್ಟಳು.

ಕಾಕಾ ಏಳಲಿಲ್ಲ. ಎಡಗೈಯನ್ನು ಹೊರಳಿಸಿ, ಮಣಿಕಟ್ಟನ್ನು ಅವಳ ಮುಂದೆ ಹಿಡಿದರು.

"ಯವ್ವಾ, ಇಲ್ಲೊಂದೀಟು ಉಳದೈತಿ ನೋಡು" ಎಂದರು.

ನಾನು ಬಗ್ಗಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ.