ಅಡ್ಡಿಲ್ಲೆ ಎಂಬ ಭಾವ

ನನ್ನ ಭಾವನಂಥವರು ಈ ಲೋಕದಲ್ಲಿ ಇನ್ನೊಬ್ಬರಿದ್ದಿದ್ದರೆ ಭೂಮಿ ತಿರುಗುವುದು ಎಂದೋ ನಿಂತುಹೋಗುತ್ತಿತ್ತು! ಇಬ್ಬರೂ ಸೇರಿ ಅದರ ಅಚ್ಚಿಗೆ ಕಿವಿ ಕೊಟ್ಟು, ತಲೆ ಅಲ್ಲಾಡಿಸಿ, "ಸದ್ದ್ ಸಮ ಇಲ್ಲೆ, ನಿಲ್ಸಿ" ಎಂದುಬಿಡುತ್ತಿದ್ದರು. ಒಬ್ಬರೇ ಇರುವುದರಿಂದ ಭೂಮಿ ಬಚಾವಾಗಿದೆ. ನಾನು ಬಚಾವಾಗಿಲ್ಲ. ಅವರು ನನ್ನ ಅಕ್ಕನ ಗಂಡ.

ನನ್ನದನ್ನೂ ಒಂದಿಷ್ಟು ಹೇಳಿಬಿಡುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂದಾಪುರದಿಂದ ಬೊಂಬಾಯಿಗೆ ಬಂದವನು ನಾನು. ಮಾಟುಂಗದ ಹೋಟೆಲಿನಲ್ಲಿ ಮೇಜು ಒರೆಸಿದೆ, ದೋಸೆಕಲ್ಲಿನ ಮುಂದೆ ವರ್ಷಗಟ್ಟಲೆ ನಾನೂ ಒಂದು ಕಡೆ ಬೆಂದೆ. ಈಗ ಜುಹೂ ವಿಮಾನ ಮೈದಾನದ ಬದಿಯಲ್ಲಿ ನನ್ನದೇ ಕ್ಯಾಂಟೀನು. ಇಂಗ್ಲಿಷ್ ಓದಲು ಬಾರದು, ಅದರಿಂದ ನನ್ನ ಚಹಾದ ರುಚಿ ಕೆಟ್ಟಿಲ್ಲ. ಯಾರ ಮುಂದೆಯೂ ಹಲ್ಲು ಕಿರಿದವನಲ್ಲ. ಕಿರಿದದ್ದು ಒಂದೇ ಸಲ, ಈ ಭಾವನಿಗೆ ಕೆಲಸ ಕೊಡಿಸಲು. ಆ ಒಂದು ಸಲಕ್ಕೆ ನಾನು ತೆತ್ತದ್ದನ್ನು ಈಗಲೂ ಲೆಕ್ಕ ಹಾಕುತ್ತಿದ್ದೇನೆ.

ಭಾವ ಯಂತ್ರಗಳ ಮನುಷ್ಯ. ಯುದ್ಧದ ಕಾಲದಲ್ಲಿ ಮಿಲಿಟರಿ ವಿಮಾನಗಳ ರಿಪೇರಿ ಕಲಿತು ಲೈಸೆನ್ಸು ಪಡೆದವರು. ಯಂತ್ರ ಕಂಡರೆ ಮೊದಲು ಕಿವಿ ಕೊಡುತ್ತಾರೆ, ಆಮೇಲೆ ಕಣ್ಣು. ಬಾಯಿಯಂತೂ ಕೊಡುವುದೇ ಇಲ್ಲ! ಅವರ ಹೊಗಳಿಕೆಯ ಭಂಡಾರದಲ್ಲಿ ಇರುವುದು ಒಂದೇ ಮಾತು: "ಅಡ್ಡಿಲ್ಲೆ." ನಮ್ಮ ಕಡೆ ಹಾಗೆಂದರೆ ಪರವಾಗಿಲ್ಲ, ನಡೆದೀತು ಎಂದರ್ಥ. ಊಟ ಚೆನ್ನಾಗಿದ್ದರೂ ಅಡ್ಡಿಲ್ಲೆ, ಜ್ವರ ಇಳಿದರೂ ಅಡ್ಡಿಲ್ಲೆ. "ಲಾಯ್ಕ್ ಇತ್ತ್", ಎಂದರೆ ಚೆನ್ನಾಗಿದೆ, ಎಂಬ ಮಾತು ಅವರ ಬಾಯಿಂದ ಬಿದ್ದದ್ದನ್ನು ನಾನಂತೂ ಕೇಳಿಲ್ಲ.

ಅಕ್ಕನನ್ನು ನೋಡಲು ಬಂದ ದಿನವೂ ಹೀಗೆಯೇ. ಅಕ್ಕ ತಟ್ಟೆ ಹಿಡಿದು ಬಂದಾಗ ಈ ಮಹಾಶಯ ಕುರ್ಚಿಯಲ್ಲಿಲ್ಲ! ಹುಡುಕಿದರೆ ಬಾವಿಕಟ್ಟೆಯ ಮೇಲೆ ನಿಂತು, ಕಿರುಗುಟ್ಟುವ ರಾಟೆಯನ್ನು ಬಿಚ್ಚುತ್ತಿದ್ದಾರೆ. ಎಳೆದು ತಂದು ಕೂರಿಸಿ, "ಹೆಣ್ಣ್ ಹ್ಯಾಂಗೆ?" ಎಂದು ಹಿರಿಯರು ಕೇಳಿದರು.

"ಅಡ್ಡಿಲ್ಲೆ."

ನಮ್ಮ ಸೋದರಮಾವ ಎದ್ದು ನಿಂತರು, ಅಕ್ಕ ಒಳಗೆ ಓಡಿದಳು. ಆಗ ಹುಡುಗನ ತಾಯಿ ಕೈಮುಗಿದು ಹೇಳಿದರು: "ನಿಮ್ಮ ಕಾಲಿಗ್ ಬೀಳ್ತೆ, ಬೇಜಾರ್ ಮಾಡ್ಕಣ್ಬೇಡಿ. ಅವ ನಂಗೇ ಈವರೆಗೆ ಅಷ್ಟ್ ಹೇಳಲಿಲ್ಲೆ!"

ನನ್ನ ಅಮ್ಮ ಒಬ್ಬಳೇ ನಕ್ಕವಳು. ರಾಟೆ ಎಳೆದು ನೋಡಿದಳು. ಸದ್ದಿಲ್ಲ. "ಇವನಿಗೇ ಕೊಡುವ" ಎಂದಳು. ಅಮ್ಮನಿಗೆ ಮಾತಿಗಿಂತ ರಾಟೆ ಹೆಚ್ಚಾಯಿತು!

ಮದುವೆಯಾಗಿ ಬೊಂಬಾಯಿಗೆ ಬಂದ ಮೇಲೆ ಭಾವ ಪರೇಲಿನ ಮಿಲ್ಲಿಗೆ ಸೇರಿದರು. ಒಂದು ಮಗ್ಗದ ಸದ್ದು ಸರಿಯಿಲ್ಲವೆಂದು ನಿಲ್ಲಿಸಿದರು, ಮಿಲ್ಲಿನವರು ಇವರನ್ನು ನಿಲ್ಲಿಸಿದರು. ಬಸ್ಸಿನ ವರ್ಕ್‌ಶಾಪಿನಲ್ಲೂ ಅದೇ ಪುರಾಣ. ಒಮ್ಮೆ ವಡಾಲದಿಂದ ಲೋಕಲ್ ರೈಲಿನಲ್ಲಿ ಹೋಗುವಾಗ ಗಾಲಿಯ ಸದ್ದು ಕೇಳಿ ಸರಪಳಿಯನ್ನೇ ಎಳೆದುಬಿಟ್ಟರು! ಇಡೀ ಡಬ್ಬಿ ಮರಾಠಿ, ಹಿಂದಿ, ಗುಜರಾತಿ ಮೂರರಲ್ಲೂ ಬೈಯಿತು. ಗಾರ್ಡು ಬಂದು ಬಗ್ಗಿ ನೋಡಿ, "ಕುಛ್ ನಹೀಂ ಹೈ" ಎಂದ. "ಈಗ ಇಲ್ಲೆ" ಎಂದರು ಭಾವ. ಅಂದಿನಿಂದ ಅಕ್ಕ ಹೆಂಗಸರ ಡಬ್ಬಿ ಹತ್ತುತ್ತಾಳೆ. ಮರ್ಯಾದೆಗಾಗಿಯೇ, ಆದರೆ ಬೇರೆ ಥರದ ಮರ್ಯಾದೆ.

ಇಂಥವರಿಗೆ ಕೆಲಸ ಯಾರು ಕೊಡಬೇಕು ಹೇಳಿ? ಮೈದಾನದಲ್ಲಿ ಒಂದು ಸಣ್ಣ ವಿಮಾನ ಕಂಪೆನಿ ಇತ್ತು. ಅದರ ಮ್ಯಾನೇಜರು ಧಾರವಾಡದವರು, ನನ್ನ ಗಿರಾಕಿ. ಅವರ ಮುಂದೆ ನಿಂತು ನಾನು ಹಲ್ಲು ಕಿರಿದೆ. "ನಿಮ್ಮ ಭಾವ ಅಂದ್ರ ನಮ್ಮ ಭಾವ ಇದ್ದಾಂಗ, ಕರಕೊಂಡ ಬರ್ರಿ" ಎಂದರು ಆ ಪುಣ್ಯಾತ್ಮ. ಭಾವ ಕೆಲಸಕ್ಕೆ ಸೇರಿದ ದಿನವೇ ನನ್ನ ಕ್ಯಾಂಟೀನಿಗೆ ಬಂದು, ಬೆಳಗಿನ ಗಿರಾಕಿಗಳ ನಡುವೆಯೇ ನನ್ನ ದೊಡ್ಡ ಸ್ಟವ್ ಆರಿಸಿ ಬಿಚ್ಚಿಹಾಕಿದರು. "ಇದ್ ಒಂದ್ ದಿನ ಸಿಡಿತ್ತ್." ಅಂದು ಇಡೀ ಮೈದಾನಕ್ಕೆ ಚಹಾ ಇಲ್ಲ! ವಿಮಾನಗಳು ಹಾರಿದವು, ಪೈಲಟ್‌ಗಳು ಆಕಳಿಸಿದರು. ಸಂಜೆ ಸ್ಟವ್ ಜೋಡಿಸಿ, ಚಹಾ ಕುಡಿದು, ಲೋಟ ಕೆಳಗಿಟ್ಟು, "ಅಡ್ಡಿಲ್ಲೆ" ಎಂದರು. ದಿನವೂ ಸಂಜೆ ಹಾಗೆ ಹೇಳುವುದು ರೂಢಿಯಾಯಿತು.

ಒಂದು ಬೆಳಿಗ್ಗೆ ಊರಿನಿಂದ ತಂತಿ ಬಂತು. ನಾನು ಅದನ್ನು ಹಿಡಿದುಕೊಂಡು ಮ್ಯಾನೇಜರರ ಹತ್ತಿರ ಓಡಿದೆ. ಅವರು ಓದಿ, ಕನ್ನಡಕ ತೆಗೆದರು. "ನಿಮ್ಮ ಅವ್ವಗ ಆರಾಮಿಲ್ರೀ, ಭಾಳ ಜೋರದ. ಲಗೂನ ಬರ್ರಿ ಅಂದಾರ."

ರೈಲು ಹಿಡಿದು, ಬಸ್ಸು ಹಿಡಿದು, ಹೊಳೆಗಳನ್ನು ದೋಣಿಯಲ್ಲಿ ದಾಟಿ ನಾವು ಮುಟ್ಟುವುದು ಯಾವಾಗ? ನನ್ನ ಮುಖ ನೋಡಿ ಅವರೇ ಹೇಳಿದರು: "ಇವತ್ತ ನಮ್ಮ ವಿಮಾನ ಬೆಳಗಾವಿಗೆ ಹೊಂಟದ. ಎರಡು ಸೀಟು ಖಾಲಿ ಅವ. ಅಕ್ಕಾರನ್ನ ಕರಕೊಂಡ ಬರ್ರಿ. ಒಂದು ದಿವಸ ಉಳೀತದ." ನಾನು ಅವರ ಕೈ ಹಿಡಿದುಕೊಂಡೆ. ಅಮ್ಮನನ್ನು ಜೀವಸಹಿತ ನೋಡಲು ನನಗೆ ಬೇಕಾಗಿದ್ದದ್ದು ಆ ಒಂದು ದಿನವೇ.

ವಿಮಾನ ಎಂದರೆ ದೊಡ್ಡದೇನಲ್ಲ. ನಾಲ್ಕು ಜನ ಒತ್ತಿಕೊಂಡು ಕೂರುವಂಥದು, ಮುಂದೊಂದು ಪಂಖ. ಆ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಎರಡು. ಭಾವ ಎಂಜಿನ್ ಓಡಿಸಿ ಒಂದೊಂದನ್ನೇ ಆರಿಸಿ ಪರೀಕ್ಷಿಸಿದರು. ಒಂದರ ಮೇಲೆ ಚೆನ್ನಾಗಿ ಓಡಿತು. ಇನ್ನೊಂದರ ಮೇಲೆ ಮುದುಕನ ಹಾಗೆ ಕೆಮ್ಮಿತು. ಎಂಜಿನ್ ನಿಲ್ಲಿಸಿ ಬಹಳ ಹೊತ್ತು ಅದರ ಮುಂದೆ ನಿಂತರು. ಅಷ್ಟರಲ್ಲಿ ಅಕ್ಕ ಬಂದಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ಅವರನ್ನೇ ನೋಡುತ್ತಿದ್ದಳು.

"ಹೆಂಗದ ಮಿಸ್ತ್ರಿ?" ಮ್ಯಾನೇಜರು ಕೂಗಿ ಕೇಳಿದರು.

ಭಾವ ಎಂಜಿನ್ ನೋಡಿದರು. ಅಕ್ಕನನ್ನು ನೋಡಿದರು. "ಅಡ್ಡಿಲ್ಲೆ" ಎಂದರು.

ಧಾರವಾಡದ ಕಿವಿಗೆ ಅದು 'ಅಡ್ಡಿಯಿಲ್ಲ' ಎಂದು ಬಿತ್ತು. ಯಾವ ತಡೆಯೂ ಇಲ್ಲ, ಹಾರಬಹುದು! "ಹತ್ರಿ, ಹತ್ರಿ!" ಎಂದರು. ಭಾವನ ಬಾಯಲ್ಲಿ ಆ ಮಾತಿಗೆ ಬರೇ 'ನಡೆದೀತು' ಎಂದರ್ಥವೆಂದು ನನಗೆ ಗೊತ್ತಿತ್ತು. ಹೇಳಿದೆನೆ? ಇಲ್ಲ. ಅಕ್ಕನಿಗೂ ಅಡ್ಡಿಲ್ಲೆ ಅಂದವರು, ಅಕ್ಕ ಇಷ್ಟು ವರ್ಷ ಚೆನ್ನಾಗಿ ಓಡಲಿಲ್ಲವೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಮೊದಲು ಹತ್ತಿದವನೇ ನಾನು.

ಅಂಥ ವಿಮಾನದ ಪಂಖವನ್ನು ಒಬ್ಬರು ಕೈಯಿಂದ ತಿರುಗಿಸಿ ಎಂಜಿನ್ ಹೊತ್ತಿಸಬೇಕು. ಅದು ಭಾವನ ಕೆಲಸ. ಬಂದರು, ಪಂಖದ ಮೇಲೆ ಎರಡೂ ಕೈ ಇಟ್ಟರು. ಗಾಜಿನೊಳಗಿಂದ ನಾವು ನೋಡುತ್ತಿದ್ದೇವೆ. ಕೈ ಇಟ್ಟವರು ಹಾಗೆಯೇ ನಿಂತರು. ಆಮೇಲೆ ಕೈ ತೆಗೆದು, ಹೋಗಿ, ತಮ್ಮ ಟೂಲ್‌ಬಾಕ್ಸ್ ತಂದು ಗಾಲಿಯ ಮುಂದಿಟ್ಟು, ಅದರ ಮೇಲೆ ಕೂತುಬಿಟ್ಟರು!

ಮ್ಯಾನೇಜರು ಓಡಿ ಬಂದರು. "ಏನ್ರೀ ಇದು? ಅಡ್ಡಿಯಿಲ್ಲ ಅಂದವರು ನೀವ ಅಡ್ಡ ಕುಂತೀರಲ್ರೀ!"

"ಒಂದ್ ಮ್ಯಾಗ್ನೆಟೋ ಸಮ ಇಲ್ಲೆ."

"ಇನ್ನೊಂದು ಅದ ಅಲ್ರೀ? ಒಂದರ ಮ್ಯಾಲೆ ಹಾರಂಗಿಲ್ಲೇನು?"

"ಹಾರತ್ತ್. ಒಂದೇ ಸಾಕಂದ್ರೆ ಎರಡ್ ಎಂತಕ್ಕೆ ಇಟ್ಟದ್ದ್?"

ಪೈಲಟ್ ಕೆಳಗಿಳಿದು ಸಿಗರೇಟು ಹಚ್ಚಿದ. ಮಿಸ್ತ್ರಿ ಸಹಿ ಹಾಕದ ವಿಮಾನವನ್ನು ಅವನು ಹಾರಿಸುವವನಲ್ಲ. ನಾನು ಇಳಿದೆ, ಕೈಮುಗಿದೆ. "ಭಾವ, ಅಮ್ಮ ಕಾಯ್ತಿದ್ಳ್. ಏಳಿ." ಏಳಲಿಲ್ಲ. ಕೊನೆಗೆ ನಾನು ಅಂದೆ, "ನಿಮ್ಮ ಸ್ವಂತ ತಾಯಿ ಆಗಿದ್ದಿದ್ರೆ?" ಅದಕ್ಕೂ ಏಳಲಿಲ್ಲ.

ಭಾವನಿಗೆ ಜೊತೆಗೆ ಬರಬೇಡಿ ಎಂದೆ. ನಾನೂ ಅಕ್ಕನೂ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ, ಬಸ್ಸಿನಲ್ಲಿ ಘಟ್ಟ ಇಳಿದು, ಪ್ರತಿ ಹೊಳೆಯ ಬದಿಯಲ್ಲೂ ದೋಣಿಗೆ ಕಾದು ಊರು ಮುಟ್ಟಿದಾಗ ಅಮ್ಮ ಮಣ್ಣಾಗಿ ಅರ್ಧ ದಿನವಾಗಿತ್ತು. ಕೊನೆಯವರೆಗೂ ಬಾಗಿಲ ಕಡೆ ನೋಡುತ್ತಿದ್ದಳಂತೆ. ಮಿಂದು ಬರಲು ಬಾವಿಗೆ ಹೋದೆ. ಹಗ್ಗ ಎಳೆದರೆ ಆ ರಾಟೆ ಸದ್ದೇ ಇಲ್ಲದೆ ತಿರುಗಿತು. ನನಗೆ ಅದನ್ನು ಒಡೆದುಹಾಕಬೇಕೆನ್ನಿಸಿತು.

ಬೊಂಬಾಯಿಗೆ ಮರಳಿದಾಗ ಭಾವನ ಕೆಲಸ ಹೋಗಿತ್ತು. ಮರುದಿನವೇ ಬೇರೆ ಮಿಸ್ತ್ರಿಯ ಸಹಿಯಿಂದ ಅದೇ ವಿಮಾನ, ಅದೇ ಮ್ಯಾಗ್ನೆಟೋ ಇಟ್ಟುಕೊಂಡು ಬೆಳಗಾವಿಗೆ ಹೋಗಿ ಬಂದಿತ್ತು. ಏನೂ ಆಗಲಿಲ್ಲ! ಕೇಳಿದಿರಾ? ಏನೂ ಆಗಲಿಲ್ಲ.

ಅಕ್ಕ ಅತ್ತಳು, ಗಂಡನಿಗೆ ಅನ್ನ ಹಾಕಿದಳು, ಒಂದು ಮಾತೂ ಕೆಟ್ಟದಾಗಿ ಆಡಲಿಲ್ಲ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಭಾವ ದಿನವೂ ಸಂಜೆ ಕ್ಯಾಂಟೀನಿಗೆ ಬಂದು ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದರು. ನಾನು ಚಹಾದ ಲೋಟವನ್ನು ಕುಕ್ಕಿ ಇಡುತ್ತಿದ್ದೆ. ಅವರು ಕುಡಿದು, ಲೋಟ ಕೆಳಗಿಟ್ಟು, ಏನೂ ಹೇಳದೆ ಎದ್ದು ಹೋಗುತ್ತಿದ್ದರು. ತಿಂಗಳುಗಳೇ ಹೀಗೆ ಕಳೆದವು.

ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆ. "ಭಾವ, ಅವತ್ತ್ ಹಾರಿದ್ರೆ ನಾವ್ ಸಾಯ್ತಿದ್ವಾ?"

"ಗೊತ್ತಿಲ್ಲೆ."

"ಗೊತ್ತಿಲ್ದೆ ನಮ್ಮನ್ನ್ ನಿಲ್ಸಿದ್ರಿಯಾ?"

"ಗೊತ್ತಿದ್ದಿದ್ರೆ ಹೇಳ್ತಿದ್ದೆ. ಗೊತ್ತಿಲ್ಲೆ ಅಂತಲೇ ನಿಲ್ಸಿದ್ದ್."

"ಮತ್ತೆ ಮೊದ್ಲ್ ಅಡ್ಡಿಲ್ಲೆ ಅಂದದ್ದ್ ಎಂತಕ್ಕೆ? ಅದನ್ನ್ ಕೇಳಿಯೇ ಹತ್ತಿದ್ದಲ್ದಾ ನಾವು!"

ಅವರು ಖಾಲಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತರು.

"ಅದ್ ಸುಳ್ಳ್, ಮಾರಾಯ. ಆ ಎಂಜಿನ್ ಅಡ್ಡಿಲ್ಲೆ ಅನ್ನೂ ಹಾಂಗೆ ಇರಲಿಲ್ಲೆ. ನಿನ್ ಅಕ್ಕನ ಕಣ್ಣಲ್ಲಿ ನೀರ್ ಇದ್ದಿತ್. ಬಾಯಿಗ್ ಬಂತ್, ಹೇಳ್ದೆ. ಪಂಖ ಹಿಡ್ದ ಕೈಗೆ ಬರಲಿಲ್ಲೆ."

ಎಷ್ಟು ಮಗ್ಗ, ಎಷ್ಟು ಬಸ್ಸು, ಎಷ್ಟು ಗಾಲಿ! ಯಾವುದರ ಮುಂದೆಯೂ ಸುಳ್ಳಾಡದೆ ಕೆಲಸಗಳನ್ನೆಲ್ಲ ಕಳೆದುಕೊಂಡ ಮನುಷ್ಯ. ಒಂದೇ ಒಂದು ಸಲ, ನನ್ನ ಅಕ್ಕನಿಗಾಗಿ ಆಡಿದ್ದಾರೆ. ಆಮೇಲೆಯೇ ನನಗೆ ಹೊಳೆದದ್ದು: ಅಂದಿನಿಂದ ಅವರು 'ಅಡ್ಡಿಲ್ಲೆ' ಎಂಬ ಮಾತನ್ನೇ ಆಡಿಲ್ಲ. ಊಟಕ್ಕಿಲ್ಲ, ಚಹಾಕ್ಕಿಲ್ಲ, ಯಾವುದಕ್ಕೂ ಇಲ್ಲ.

ಒಳಗೆ ಹೋಗಿ ಹೊಸ ಹಾಲು ಹಾಕಿ ಇನ್ನೊಂದು ಚಹಾ ಮಾಡಿ ತಂದೆ. ಈ ಸಲ ಕುಕ್ಕಲಿಲ್ಲ, ಅವರ ಕೈಗೇ ಕೊಟ್ಟೆ. ಒಂದು ಗುಟುಕು ಕುಡಿದರು. ಬಾಯಿ ತೆರೆದರು, ಏನೂ ಹೊರಡಲಿಲ್ಲ, ಮುಚ್ಚಿದರು. ಅವರ ಪಕ್ಕದಲ್ಲಿ ಬೆಂಚಿನ ಮೇಲೆ ನಾನೂ ಕೂತೆ.

"ಅಡ್ಡಿಲ್ಲೆ, ಭಾವ" ಎಂದೆ.