ಹರ್ಮನ್‌ನ ಮೂವತ್ತು ತೋಟೆಗಳು

ಆ ಭಾನುವಾರ ಬೆಳಿಗ್ಗೆ ಹರ್ಮನ್ ಗ್ಯಾರೇಜಿನ ಕಬ್ಬಿಣದ ಕಪಾಟು ತೆರೆದು ನೋಡಿದರೆ ಅಂಗಡಿಯಿಂದ ತಂದ ತೋಟೆಗಳ ಡಬ್ಬ ಖಾಲಿ. ಕಳೆದ ತಿಂಗಳೇ ಮುಗಿದದ್ದು, ಇವನಿಗೆ ಮರೆತೇ ಹೋಗಿತ್ತು. ಕೋವಿ ಅಂಗಡಿಗೆ ಭಾನುವಾರ ರಜ. ಮಧ್ಯಾಹ್ನ ಎರಡಕ್ಕೆ ಪಿಸ್ತೂಲ್ ಕ್ಲಬ್ಬಿನಲ್ಲಿ, ಜೂನ್‌ಗೆ ಮುಗಿಯುವ ಅವರ ವರ್ಷದ ಕೊನೆಯ ಪಂದ್ಯ. ಹರ್ಮನ್ ಬಂದು ನೆಲೆಸಿದ್ದ ಡ್ಯಾಂಡಿನಾಂಗ್ ಎಂಬ ಪರದೇಶದ ಊರಿನ ಮೇಲೆ ಜೂನ್ ತಿಂಗಳ ಚಳಿಗಾಲದ ಮೋಡ ಒದ್ದೆ ಕಂಬಳಿಯ ಹಾಗೆ ಬಿದ್ದುಕೊಂಡಿತ್ತು.

ವರ್ಷಕ್ಕೆ ಹತ್ತು ಪಂದ್ಯ ಆಡದವನ ಲೈಸೆನ್ಸ್ ಮುಂದುವರಿಯುವುದಿಲ್ಲ ಎಂಬುದು ಕ್ಲಬ್ಬಿನ ಕಟ್ಟುನಿಟ್ಟು. ಹರ್ಮನ್ ಆಡಿದ್ದು ಒಂಬತ್ತು. ಉಳಿದ ಭಾನುವಾರಗಳನ್ನು ಊರಿನವರ ನಾಮಕರಣ, ಗೃಹಪ್ರವೇಶ, ಕೊಂಕಣಿ ಸಂಘದ ಹೌಸಿ ಹೌಸಿ ಆಟ ಎಲ್ಲ ಸೇರಿ ನುಂಗಿದ್ದವು. ಅವನು ಒಳ್ಳೆಯ ಗುರಿಕಾರನೇನೂ ಅಲ್ಲ. ಆದರೆ ಗುರಿ ಹಿಡಿದು ನಿಂತಾಗ ಎಲ್ಲರೂ ಕಿವಿ ಮುಚ್ಚಿಕೊಂಡಿರುತ್ತಾರೆ, ಯಾರೂ ಬುದ್ಧಿ ಹೇಳುವುದಿಲ್ಲ. ಕೆಲಸಕ್ಕೆ ಹೋಗುವ ಮಸಾಲೆ ಗೋದಾಮಿನಲ್ಲಿ ಸೂಪರ್‌ವೈಸರ್, ಮನೆಯಲ್ಲಿ ಹೆಂಡತಿ ಇನೇಜ್, ಬೇಲಿಯಾಚೆ ಸುಬ್ಬಣ್ಣ. ಇವರೆಲ್ಲರಿಂದ ಅವನಿಗೆ ಸಿಗುತ್ತಿದ್ದ ಬಿಡುವು ಅದೊಂದೇ. ಅದೂ ಹೋದರೆ ಬದುಕಿನಲ್ಲಿ ಉಳಿಯುವುದು ಸೋಮವಾರಗಳು ಮಾತ್ರ.

ಹಳೆಯ ಖಾಲಿ ತೋಟೆಗಳಿಗೆ ಮತ್ತೆ ಮದ್ದು ತುಂಬುವ ಸಾಮಾನು ಅವನಲ್ಲಿತ್ತು. ಅದಕ್ಕೆ ಬೇಕಾದ ಪರವಾನಗಿಯೂ ಇತ್ತು. ಇಲ್ಲದಿದ್ದದ್ದು ಧೈರ್ಯ. ಒಂದು ವರ್ಷದಿಂದ ಅವನು ಮಾಡಿದ ಕೆಲಸವೆಂದರೆ ಅದರ ಪುಸ್ತಕವನ್ನು ಬೈಬಲ್ಲಿನ ಹಾಗೆ ಓದಿದ್ದು. ಪುಸ್ತಕದಲ್ಲಿ ಪ್ರತಿಯೊಂದು ಬಗೆಯ ಮದ್ದಿಗೂ ತೂಕದ ಎರಡೆರಡು ಅಂಕೆ. ಮೇಲಿನದನ್ನು ದಾಟಿದರೆ ರಿವಾಲ್ವರ್ ಕೈಯಲ್ಲೇ ಸಿಡಿಯುತ್ತದೆ. ಕೆಳಗಿನದಕ್ಕಿಂತ ಕಡಿಮೆಯಾದರೆ ಗುಂಡು ನಳಿಕೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಇನ್ನೊಂದು ಹೊಡೆದರೆ ಆಗಲೂ ಕೈ ಹೋಗುತ್ತದೆ. ಕೆಳಗಿನ ಅಂಕೆಯಿಂದ ಶುರು ಮಾಡಬೇಕು. ಪುಟದ ಕೊನೆಯಲ್ಲಿ ಕೆಂಪಕ್ಷರದ ಒಂದು ಸಾಲು: ಮದ್ದು ತುಂಬಿದ ತೋಟೆಗಳನ್ನು ತೆರೆದಿಟ್ಟು ಎಲ್ಲಿಗೂ ಹೋಗಬೇಡಿ. ಅದರ ಕೆಳಗೆ ಹರ್ಮನ್ ಎರಡು ಗೆರೆ ಎಳೆದಿದ್ದ.

ಮರದ ಹಲಗೆಯ ಗುಳಿಗಳಲ್ಲಿ ಮೂವತ್ತು ಖಾಲಿ ತೋಟೆಗಳು ಗುಬ್ಬಿಮರಿಗಳ ಹಾಗೆ ಬಾಯಿ ತೆರೆದು ನಿಂತವು. ಹರ್ಮನ್ ಪುಟ್ಟ ತಕ್ಕಡಿಯಲ್ಲಿ ಉಸಿರು ಬಿಗಿಹಿಡಿದು ಮದ್ದು ತೂಗತೊಡಗಿದ. ಹನ್ನೊಂದನೆಯದಕ್ಕೆ ಬಂದಾಗ ಗ್ಯಾರೇಜಿನ ಬಾಗಿಲಲ್ಲಿ ಉಪ್ಪಿಟ್ಟಿನ ತಟ್ಟೆಯೊಂದು ಕಾಣಿಸಿತು. ಅದರ ಹಿಂದೆ ಸುಬ್ಬಣ್ಣ. ಮೈಸೂರಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರಾಗಿ ನಿವೃತ್ತರಾದವರು, ಇಲ್ಲಿ ಮಗಳ ಮನೆಯಲ್ಲಿದ್ದುಕೊಂಡು ಇಡೀ ಬೀದಿಗೆ ಪಾಠ ಮಾಡುತ್ತಿದ್ದರು.

"ಏನ್ರೀ ಹರ್ಮನ್, ಬೆಳಿಗ್ಗೆನೇ ಪಟಾಕಿ ಕೆಲಸಾನಾ?"

"ಅಂಕಲ್, ಈಗ ಮಾತಾಡ್ಬೇಡಿ. ಲೆಕ್ಕ ತಪ್ತದೆ."

"ನಾನೆಲ್ಲಿ ಮಾತಾಡ್ದೆ? ಒಂದೇ ಒಂದು ಹೇಳಿ ಹೋಗ್ತೀನಿ. ಸ್ವಲ್ಪ ಕಮ್ಮಿನೇ ಹಾಕಿ. ಉಪ್ಪು, ಖಾರ, ಮದ್ದು, ಮೂರೂ ಕಮ್ಮಿ ಇದ್ರೇನೇ ಕ್ಷೇಮ."

"ಕಮ್ಮಿ ಆದ್ರೂ ಡೇಂಜರ್ ಅಂಕಲ್. ಗುಂಡು ಒಳಗೇ ನಿಂತುಬಿಡ್ತದೆ."

"ಮೂವತ್ತೆರಡು ವರ್ಷ ಪಾಠ ಮಾಡಿದೀನಿ ಕಣ್ರೀ ನಾನು!"

ಅವರು ಹೋಗುವಷ್ಟರಲ್ಲಿ ಹನ್ನೊಂದನೆಯದಕ್ಕೆ ಮದ್ದು ಹಾಕಿದ್ದೆನೋ ಇಲ್ಲವೋ ಎಂಬುದೇ ಮರೆತಿತ್ತು. ಮದ್ದೆಂದರೆ ತೋಟೆಯ ತಳದಲ್ಲಿ ಚಿಟಿಕೆಯಷ್ಟು. ಮರೆತು ಎರಡು ಸಲ ಸುರಿದರೂ ಜಾಗವಿರುತ್ತದೆ. ಹರ್ಮನ್ ಎಲ್ಲವನ್ನೂ ಖಾಲಿ ಮಾಡಿ ಮೊದಲಿನಿಂದ ಶುರು ಮಾಡಿದ.

ಹತ್ತೊಂಬತ್ತಕ್ಕೆ ಬಂದಾಗ ಇನೇಜ್ ಪೂಜೆ ಮುಗಿಸಿ ಇಗರ್ಜಿಯಿಂದ ಬಂದಳು. ವೃದ್ಧಾಶ್ರಮದಲ್ಲಿ ನರ್ಸು, ರಕ್ತ ಕಂಡರೆ ಹೆದರುವವಳಲ್ಲ, ಗಂಡನ ರಿವಾಲ್ವರ್ ಎಂದರೆ ಮಾತ್ರ ನಡುಗುತ್ತಿದ್ದಳು. ಅವಳ ಹ್ಯಾಂಡ್‌ಬ್ಯಾಗಿನಲ್ಲಿ ಪವಿತ್ರ ತೀರ್ಥದ ಬಾಟಲಿ ಯಾವಾಗಲೂ ಇರುತ್ತಿತ್ತು. ಹೊಸ ಕಾರು, ಹೊಸ ಫ್ರಿಜ್ಜು, ಮಗಳು ಆಶ್ಲೆಯ ಪರೀಕ್ಷೆಯ ಪೆನ್ನು, ಯಾವುದೂ ಅದರಿಂದ ತಪ್ಪಿಸಿಕೊಂಡಿರಲಿಲ್ಲ.

"ಎಂತ ಮಾರಾಯ್ರೆ ಇದು, ಮನೆಯಲ್ಲೇ ಬಾಂಬ್ ಮಾಡುದಾ? ನಮ್ಮ ಊರಿನ ಹಬ್ಬಕ್ಕೆ ಗರ್ನಾಲು ಪಟಾಕಿ ಒಡೆದು ಒಬ್ಬನದ್ದು ಮೂರು ಬೆರಳು ಹೋಗಿದೆ. ನಿಮಗೆ ಎಂತದಾದ್ರೂ ಆದ್ರೆ ನಾನು ಎಂತ ಮಾಡುದು?"

ಅವಳ ಕಣ್ಣಲ್ಲಿ ನೀರಿತ್ತು. ಹರ್ಮನ್‌ಗೆ ಅಯ್ಯೋ ಅನಿಸಿತು. "ತೂಕ ಸರಿ ಇದ್ರೆ ಎಂತದೂ ಆಗುದಿಲ್ಲ ಇನೇಜ್," ಎಂದು ಸಮಾಧಾನ ಹೇಳಿದ. ಹೇಳಿ ಮುಗಿಸಿ ತಿರುಗಿದರೆ ಲೆಕ್ಕ ಮತ್ತೆ ಮಾಯ. ಮೂರನೆಯ ಸಲ ಶುರು ಮಾಡಿದ.

ಒಂದು ಗಂಟೆಗೆ ಮೂವತ್ತೂ ಮುಗಿದವು. ಒಂದೊಂದರೊಳಗೂ ಟಾರ್ಚ್ ಬಿಟ್ಟು ನೋಡಿದ. ಎಲ್ಲದರ ಮಟ್ಟವೂ ಒಂದೇ. ಇನ್ನು ಮೇಲೆ ಗುಂಡು ಕೂರಿಸಿ ಒತ್ತಿದರಾಯಿತು. ಅಷ್ಟರಲ್ಲಿ ಹೊರಗೆ ಕಾರಿನ ಹಾರ್ನ್ ಬಾಯಿ ಬಡಿದುಕೊಳ್ಳತೊಡಗಿತು. ಹರ್ಮನ್‌ನ ಗೋದಾಮಿನಲ್ಲೇ ಫೋರ್ಕ್‌ಲಿಫ್ಟ್ ಓಡಿಸುವ ರಸೆಲ್, ಕ್ಲಬ್ಬಿನ ಜೊತೆಗಾರ, ಹೇಳಿದ್ದಕ್ಕಿಂತ ಇಪ್ಪತ್ತು ನಿಮಿಷ ಮೊದಲೇ ಬಂದಿದ್ದ. ಬೀದಿಯವರು ಕೌನ್ಸಿಲ್ಲಿಗೆ ಫೋನ್ ಮಾಡುವ ಮೊದಲು ಆ ಹಾರ್ನ್ ನಿಲ್ಲಿಸಲೆಂದು ಹರ್ಮನ್ ಓಡಿದ.

"ಎರಡು ನಿಮಿಷ ಮಾರಾಯ, ತೋಟೆಗಳಿಗೆ ಗುಂಡು ಕೂರಿಸ್ಲಿಕ್ಕೆ ಉಂಟು!"

"ನೀನೇ ತುಂಬಿದ್ದಾ? ಎಷ್ಟು ಹಾಕಿದ್ದಿ? ಕೆಳಗಿನ ಅಂಕೆಯಾ?" ರಸೆಲ್ ನಕ್ಕುಬಿಟ್ಟ. "ವಕೀಲರಿಗೆ ಹೆದರಿ ಬರೆದ ಪುಸ್ತಕ ಅದು. ಸ್ವಲ್ಪ ಜಾಸ್ತಿ ಹಾಕು, ಗಂಡಸಿನ ಹಾಗೆ."

ಅವನಿಂದ ಬಿಡಿಸಿಕೊಳ್ಳಲು ಐದು ನಿಮಿಷ ಹಿಡಿಯಿತು. ಹಿಂದಕ್ಕೆ ಬಂದಾಗ ಇನೇಜ್ ಗ್ಯಾರೇಜಿನಲ್ಲಿ ಕೈಕಟ್ಟಿ ನಿಂತಿದ್ದಳು. ಮುಖದಲ್ಲಿ ಯಾವತ್ತೂ ಇಲ್ಲದ ಶಾಂತಿ.

"ಹೋಗಿ ಬನ್ನಿ. ಈಗ ನನಗೆ ಹೆದರಿಕೆ ಇಲ್ಲ."

ಕೊನೆಗೂ ಹೆಂಡತಿಗೆ ತನ್ನ ತೂಕದ ಮೇಲೆ ನಂಬಿಕೆ ಬಂತಲ್ಲ ಎಂದು ಹರ್ಮನ್ ಹಿಗ್ಗಿದ. ಇನ್ನೊಮ್ಮೆ ಟಾರ್ಚ್ ಬಿಟ್ಟು ನೋಡಬೇಕಿತ್ತು. ಆದರೆ ಹಾರ್ನ್ ಮತ್ತೆ ಶುರುವಾಗಿತ್ತು. ಮೂವತ್ತಕ್ಕೂ ಗುಂಡು ಕೂರಿಸಿ ಒತ್ತಿ, ಡಬ್ಬಕ್ಕೆ ತುಂಬಿಕೊಂಡು ಓಡಿದ.

ಕ್ಲಬ್ಬಿನ ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು. ಹರ್ಮನ್ ಕಿವಿ ಮುಚ್ಚಿಕೊಂಡ, ಲೋಕ ಮೌನವಾಯಿತು, ರಿವಾಲ್ವರಿನ ಕುದುರೆ ಎಳೆದ. ಢಂ ಎನ್ನಬೇಕಾದ ರಿವಾಲ್ವರ್ ಟುಸ್ ಎಂದಿತು. ಗುರಿಹಲಗೆಯಲ್ಲಿ ತೂತಿಲ್ಲ. ಹರ್ಮನ್‌ಗೆ ಪುಸ್ತಕ ನೆನಪಿತ್ತು. ಎರಡನೆಯದನ್ನು ಹೊಡೆಯದೆ, ನಳಿಕೆಯನ್ನು ಮುಂದಕ್ಕೇ ಹಿಡಿದುಕೊಂಡು, ಎಡಗೈ ಎತ್ತಿದ.

ಪಂದ್ಯದ ಉಸ್ತುವಾರಿ ಮಾರ್ಗರೆಟ್ ಎಂಬ ಮುದುಕಿ ರಿವಾಲ್ವರನ್ನು ಪರೀಕ್ಷಿಸಿದಳು. ಗುಂಡು ನಳಿಕೆಯ ನಡುವೆ ಕೂತಿತ್ತು. "ಇನ್ನೊಂದು ಹೊಡೆದಿದ್ದರೆ ನಿನ್ನ ಬೆರಳುಗಳನ್ನು ಹುಲ್ಲಿನಲ್ಲಿ ಹುಡುಕಬೇಕಿತ್ತು," ಎಂದಳು. ಹರ್ಮನ್ ತೂಕ ಬರೆದಿಟ್ಟ ನೋಟ್‌ಬುಕ್ ತೋರಿಸಿದ. ಅವಳು ಎರಡು ಸಲ ಓದಿದಳು.

"ಇದು ಸರಿಯಾಗೇ ಇದೆ. ಹಾಗಾದರೆ ಮದ್ದೇ ಕೆಟ್ಟಿರಬೇಕು. ಉಳಿದ ಇಪ್ಪತ್ತೊಂಬತ್ತು ನನ್ನ ಹತ್ತಿರ ಇರಲಿ, ಬುಧವಾರ ಕಮಿಟಿಯ ಮುಂದೆ ಬಿಚ್ಚಿ ನೋಡೋಣ. ನಿನ್ನ ತಪ್ಪಿಲ್ಲ ಅಂತಾದರೆ ಈ ಪಂದ್ಯವನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಈ ಫಾರ್ಮ್ ತುಂಬಿಸಿ ತಾ."

ಮುಳುಗುತ್ತಿದ್ದ ಹರ್ಮನ್‌ಗೆ ಹಗ್ಗ ಸಿಕ್ಕಿದಂತಾಯಿತು. ಕಾರಿನಲ್ಲಿ ರಸೆಲ್, "ಜಾಸ್ತಿ ಹಾಕು ಅಂತ ನಾನು ಹೇಳಿದ್ದೆ," ಎಂದ. ಬೇಲಿಯ ಮೇಲಿಂದ ಸುಬ್ಬಣ್ಣ, "ಕಮ್ಮಿ ಹಾಕ್ಬಾರ್ದು ಅಂತ ಬೆಳಿಗ್ಗೆನೇ ಬಡ್ಕೊಂಡ್ನಲ್ರೀ!" ಎಂದರು. ಎರಡನ್ನೂ ಅವನು ನಗುತ್ತಲೇ ಕೇಳಿಸಿಕೊಂಡ. ತಪ್ಪು ತನ್ನದಲ್ಲವಲ್ಲ.

ಊಟದ ಮೇಜಿನ ಬಳಿ ಇನೇಜ್ ಎಲ್ಲ ಕತೆ ಕೇಳಿ, ಅವನ ಎರಡೂ ಕೈ ಹಿಡಿದು ಬೆರಳು ಎಣಿಸಿದಳು. "ಹತ್ತೂ ಉಂಟು! ನನಗೆ ಗೊತ್ತಿತ್ತು, ಎಂತದೂ ಆಗುದಿಲ್ಲ ಅಂತ."

"ಹೇಗೆ ಗೊತ್ತಿತ್ತು?"

"ನೀವು ರಸೆಲ್ ಹತ್ರ ಹೋದಾಗ ತೀರ್ಥ ಹಾಕಿದೆ ಮಾರಾಯ್ರೆ. ನಿಮ್ಮ ಹಲಗೆಯ ಒಂದೊಂದು ಗಿಂಡಿಗೆ ಒಂದೊಂದು ಹನಿ."

ಹರ್ಮನ್ ಮೆಲ್ಲಗೆ ಕೈ ಬಿಡಿಸಿಕೊಂಡ. "ಮೂವತ್ತಕ್ಕೂ?"

"ಒಂದನ್ನೂ ಬಿಡ್ಲಿಲ್ಲ. ಅಪಾಯ ಯಾವುದರಲ್ಲಿ ಉಂಟು ಅಂತ ಯಾರಿಗೆ ಗೊತ್ತು?"

ಕ್ಲಬ್ಬಿನ ಬೀರುವಿನಲ್ಲಿ ಇಪ್ಪತ್ತೊಂಬತ್ತು ಒದ್ದೆ ಸಾಕ್ಷಿಗಳು ಬುಧವಾರಕ್ಕಾಗಿ ಕಾಯುತ್ತಿದ್ದವು. ಲೈಸೆನ್ಸ್ ಇಲ್ಲದವರ ಕೈಗೆ ಸಿಗುವಂತೆ ಮದ್ದು ತೆರೆದಿಟ್ಟು ಹೋದದ್ದು ತಾನೇ ಎಂದು ಯಾವ ಬಾಯಲ್ಲಿ ಹೇಳುವುದು? ಹೇಳದಿದ್ದರೂ ಅವು ಹೇಳುತ್ತವೆ. ಹರ್ಮನ್‌ಗೆ ಸಿಟ್ಟು ನೆತ್ತಿಗೇರಿತು. ಅವಳ ಸಂತೋಷದ ಮುಖ ನೋಡಿದ ಮೇಲೆ ಅದು ಅಲ್ಲೇ ಆರಿತು, ದುಃಖ ಮಾತ್ರ ಉಳಿಯಿತು. ಜೇಬಿನಿಂದ ಫಾರ್ಮ್ ತೆಗೆದು ಹೆಸರು ಬರೆದ. ಮುಂದಿನ ಸಾಲು 'ಕಾರಣ'. ಪೆನ್ನು ಅಲ್ಲಿಗೆ ಬಂದು ನಿಂತಿತು.

"ಬುಧವಾರದ ಮೀಟಿಂಗಿಗಾ ಅದು?" ಇನೇಜ್ ಹ್ಯಾಂಡ್‌ಬ್ಯಾಗ್ ತೆರೆದಳು. "ಇಲ್ಲಿ ಕೊಡಿ."

ಅವನು ಬೇಡ ಎನ್ನುವ ಮೊದಲೇ ಮೂರು ಹನಿ ಬಿದ್ದವು. ಹರ್ಮನ್‌ನ ಹೆಸರು ನೀಲಿಯಾಗಿ ಕದಡಿಹೋಯಿತು. 'ಕಾರಣ' ಎಂಬುದರ ಎದುರಿನ ಖಾಲಿ ಜಾಗವೂ ಚೆನ್ನಾಗಿ ಒದ್ದೆಯಾಯಿತು. ಅಲ್ಲಿ ಅವನು ಬರೆಯಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ.