ಅಜ್ಜಯ್ಯನ ಕೋಣೆಗೆ ಎಳೆದ ವೈರ್

ಲೋಹಿತನ ಲ್ಯಾಪ್‌ಟಾಪಿಗೆ ಇದ್ದದ್ದು ಒಂದೇ ತೂತು. ಚಾರ್ಜಿಗೂ ಅದೇ, ಪೆನ್‌ಡ್ರೈವಿಗೂ ಅದೇ. "ಈಗೆಲ್ಲಾ ಹಿಂಗೇ ಸಾರ್, ತೆಳ್ಳಗಿದ್ದಷ್ಟೂ ರೇಟು ಜಾಸ್ತಿ" ಎಂದು ಅಂಗಡಿಯವನು ನಗುನಗುತ್ತಾ ಕಟ್ಟಿಕೊಟ್ಟಿದ್ದ. ಇಂಟರ್‌ನೆಟ್ಟಿನ ವೈರ್ ಸಿಕ್ಕಿಸಲು ಅದರಲ್ಲಿ ಜಾಗವಿಲ್ಲ ಎನ್ನುವುದು ಮುಂದೆ ಮದುವೆಗೇ ಅಡ್ಡ ಬರುತ್ತದೆಂದು ಆಗ ಯಾವ ಪುಣ್ಯಾತ್ಮನಿಗೆ ಗೊತ್ತಿತ್ತು!

ಯಸಳೂರಿನ ಪಕ್ಕದಲ್ಲಿ ನಾಲ್ಕು ಎಕರೆ ಕಾಫಿ, ನೆರಳಿನ ಮರಗಳಿಗೆಲ್ಲ ಹಬ್ಬಿಸಿದ ಮೆಣಸು, ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೂ ಲೋಹಿತನಿಗೆ ಮೂವತ್ತು ದಾಟಿ ತಲೆ ಮುಂದಿನಿಂದ ಬಯಲಾಗತೊಡಗಿದ್ದರೂ ಹೆಣ್ಣು ಸಿಕ್ಕಿರಲಿಲ್ಲ. ಕೊನೆಗೆ ಮಗ್ಗೆ ಊರಿನ ನಟರಾಜ್ ಎಂಬುವವರ ಮಗಳು ಪೂಜಿತಾ, ತೋಟದ ಮನೆಯಾದರೂ ತನಗೆ ಬೇಸರವಿಲ್ಲ ಎಂದಳಂತೆ. ಅವಳು ಮನೆಯಲ್ಲೇ ಕುಳಿತು ಯಾವುದೋ ವಿಮಾ ಕಂಪನಿಗೆ ಕೆಲಸ ಮಾಡುವವಳು. ದಿನವಿಡೀ ಫೋನು, ದಿನವಿಡೀ ಕಂಪ್ಯೂಟರು. ಅವಳದು ಒಂದೇ ಷರತ್ತು.

"ವೈಫೈ ನಾನು ನಂಬಲ್ಲ ಕಣ್ರೀ," ಎಂದು ಫೋನಿನಲ್ಲಿ ನೇರವಾಗಿ ಹೇಳಿದ್ದಳು. "ನಾನು ಕೂರೋ ಕೋಣೆಗೆ ವೈರೇ ಬಂದಿರ್ಬೇಕು. ಒಂದು ಗಂಟೆ ವಿಡಿಯೊ ಕಾಲ್ ಕಟ್ ಆಗ್ದೆ ನಿಲ್ಲಲಿ, ಆಮೇಲೆ ಮುಂದಿನ ಮಾತು."

ಅವಳಿಗೆ ಬಿಡುವಿದ್ದದ್ದು ಮಹಾಲಯ ಅಮಾವಾಸ್ಯೆಯ ದಿನ. ಹಿರಿಯರ ಹಬ್ಬದ ದಿನ ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕುತ್ತಾರೆಯೇ ಎಂದು ಲೋಹಿತನಿಗೇ ಅಳುಕು. ನಟರಾಜ್ ಧೈರ್ಯ ಹೇಳಿದರು. "ಪಕ್ಷದಲ್ಲಿ ಹೆಣ್ಣು ನೋಡಂಗಿಲ್ಲ ನಿಜ. ಆದ್ರೆ ಇದು ನೆಟ್ ನೋಡೋದು ಕಣಪ್ಪಾ. ನೆಟ್ಟಿಗೆ ಯಾವ ಪಕ್ಷ?"

ಮನೆಯಲ್ಲಿ ಖಾಲಿ ಇದ್ದದ್ದು ಅಜ್ಜಯ್ಯನ ಕೋಣೆಯೊಂದೇ. ಲೋಹಿತನ ಅಜ್ಜ ಸುಬ್ಬಯ್ಯನವರು ತೀರಿಕೊಂಡ ಮೇಲೆ ಆ ಬಾಗಿಲು ವರ್ಷಕ್ಕೊಮ್ಮೆ, ಎಡೆ ಇಡುವ ದಿನ ಮಾತ್ರ ತೆರೆಯುತ್ತಿತ್ತು. ಮೊಳದಗಲದ ಮಣ್ಣಿನ ಗೋಡೆ. ವೈಫೈ ಹೊಸಿಲಿನವರೆಗೆ ಬಂದು ಹಿಂದಕ್ಕೆ ಹೋಗಿಬಿಡುತ್ತಿತ್ತು. ಮನೆಯ ಬೆಕ್ಕೂ ಅಷ್ಟೇ.

ಲೋಹಿತ ಸಕಲೇಶಪುರಕ್ಕೆ ಹೋಗಿ ಒಂದು ಯುಎಸ್‌ಬಿ ಹಬ್ ತಂದ. ಅಂಗೈಯಗಲದ ಡಬ್ಬಿ, ಒಂದು ಕಡೆ ಬಾಲ, ಮೈತುಂಬ ತೂತು. ಬಾಲವನ್ನು ಲ್ಯಾಪ್‌ಟಾಪಿನ ಒಂಟಿ ತೂತಿಗೆ ಸಿಕ್ಕಿಸಿದರೆ ಚಾರ್ಜರು, ಪೆನ್‌ಡ್ರೈವು, ನೆಟ್ಟಿನ ವೈರು ಎಲ್ಲಕ್ಕೂ ಜಾಗ.

"ಇದೇನ್ಲಾ ಮಗಾ, ಹಂದಿ ಕೆಚ್ಚಲಿದ್ದಂಗೈತೆ," ಎಂದರು ತಾಯಿ ಸುಮಿತ್ರಮ್ಮ.

"ನಿನ್ನ ಸೊಸೆ ಬರೋ ದಾರಿ ಕಣವ್ವಾ ಇದು."

ಹಬ್ಬದ ದಿನ ಬೆಳಗ್ಗೆ ಹಜಾರದಲ್ಲಿದ್ದ ನೆಟ್ಟಿನ ಪೆಟ್ಟಿಗೆಯಿಂದ ಅಟ್ಟದ ಮೇಲೆ ವೈರೆಳೆದು ಅಜ್ಜಯ್ಯನ ಕೋಣೆಗೆ ಇಳಿಸಿದ. ಹಬ್ಬಿಗೆ ಸಿಕ್ಕಿಸಿದ್ದೇ ತಡ, ಹಸಿರು ದೀಪ ಮಿಣುಕ್ ಮಿಣುಕ್ ಎಂದಿತು. ನೆಟ್ ಹೊಳೆಯ ಹಾಗೆ ಹರಿಯಿತು. ಆದರೆ ದೀಪ ಮಿಣುಕಿದ ಗಳಿಗೆಯಲ್ಲೇ ಕೋಣೆಯೊಳಗೆ ಘಮ್ಮೆಂದು ಬೀಡಿ ವಾಸನೆ. ಲೋಹಿತ ಸುತ್ತ ಕಣ್ಣಾಡಿಸಿದ. ಗೂಟದಲ್ಲಿ ನೇತಾಡುತ್ತಿದ್ದ ಅಜ್ಜಯ್ಯನ ಹಳೇ ಕೋಟನ್ನು ನೋಡಿ, ಅದರದ್ದೇ ಇರಬೇಕೆಂದು ಸಮಾಧಾನ ಮಾಡಿಕೊಂಡ. ಕೋಟು ಪ್ರತಿವರ್ಷ ಒಗೆದು ಇಡುವುದು ಎನ್ನುವುದನ್ನು ನೆನಪಿಸಿಕೊಳ್ಳಲಿಲ್ಲ.

ಸಂಜೆ ಕರೆ ಮಾಡಿದ. ಪರದೆಯಲ್ಲಿ ಪೂಜಿತಾ ಬಂದಳು, ಹಿಂದೆ ನಟರಾಜ್ ಇಣುಕಿದರು. ಎರಡು ಮಾತಾಡುವಷ್ಟರಲ್ಲಿ ಬಾಗಿಲಾಚೆ ತಾಯಿಯ ದನಿ. "ಲೋಹಿತಾ, ಸರಿಯಲಾ, ಎಡೆ ತಂದೆ."

ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಬಂದು ಉಂಡು ಹೋಗುವವರೆಗೆ ಒಳಗೆ ನರಪಿಳ್ಳೆಯೂ ಇರಬಾರದು. ಇನ್ನು ಲ್ಯಾಪ್‌ಟಾಪ್ ಕಂಡರೆ ತಾಯಿ ಅದನ್ನು ಹಬ್ಬಿನ ಸಮೇತ ಕಾಫಿ ಗಿಡದೊಳಕ್ಕೆ ಎಸೆಯುವವರು.

"ನಾನು ಸ್ವಲ್ಪ ಹೊರಗಿರ್ತೀನಿ, ಕಾಲ್ ಹಂಗೇ ಇರ್ಲಿ," ಎಂದು ಪಿಸುಗುಟ್ಟಿದ.

"ಇರ್ಲಿ ಬಿಡಿ. ನನಗೆ ನೋಡ್ಬೇಕಾಗಿರೋದು ನೆಟ್ಟು, ನೀವಲ್ಲ," ಎಂದಳು ಪೂಜಿತಾ.

ಅವನು ಮೇಜಿನ ಮೇಲಿದ್ದ ಅಜ್ಜಯ್ಯನ ಫೋಟೋವನ್ನು ಲ್ಯಾಪ್‌ಟಾಪಿನ ಮುಂದಕ್ಕೆ ಸರಿಸಿ, ಕ್ಯಾಮೆರಾ ಮಾತ್ರ ಮೇಲೆ ಇಣುಕುವಂತೆ ಬಿಟ್ಟು, ಹಬ್ಬಿನ ಮೇಲೆ ಅಜ್ಜಯ್ಯನಿಗೆಂದು ತಂದಿದ್ದ ಹೊಸ ಪಂಚೆ ಹೊದಿಸಿದ. ಸುಮಿತ್ರಮ್ಮ ನೆಲಕ್ಕೆ ಬಾಳೆ ಎಲೆ ಹಾಸಿ ಕೋಳಿ ಸಾರು, ಕಡುಬು, ಬೀಡಿ ಕಟ್ಟು ಎಲ್ಲ ಇಟ್ಟು ದೀಪ ಹಚ್ಚಿದರು. ನೆರೆಮನೆಯ ಗುಂಡಯ್ಯ ತನ್ನ ಲೆಕ್ಕದಲ್ಲಿ ಒಂದು ಲೋಟ ಬ್ರಾಂದಿ ಇಟ್ಟು ಕೈ ಮುಗಿದ. ಬಾಗಿಲು ಮುಚ್ಚಿತು.

ಹೊರಗೆ ಮಂಜು ಅಂಗಳ ದಾಟಿ ಜಗಲಿಗೇ ಬಂದಿತ್ತು. ಎಲ್ಲರೂ ಹಜಾರದಲ್ಲಿ ಕುಳಿತರು. ಮಾತಿಲ್ಲ, ಕತೆಯಿಲ್ಲ. ಅಷ್ಟರಲ್ಲಿ ಪುಸಕ್ಕನೆ ಕರೆಂಟ್ ಹೋಯಿತು. ಹಜಾರದ ಪೆಟ್ಟಿಗೆ ಇನ್ವರ್ಟರಿನಲ್ಲಿದೆ, ಹಬ್ಬಿಗೆ ಲ್ಯಾಪ್‌ಟಾಪಿನ ಬ್ಯಾಟರಿ ಇದೆ ಎಂದು ಲೋಹಿತ ಮನಸ್ಸಿನಲ್ಲೇ ಎಣಿಸಿಕೊಂಡ.

ಬಾಗಿಲ ಸಂದಿಗೆ ಕಣ್ಣು ಹಚ್ಚಿದ ಪಕ್ಕದ ಮನೆಯ ಚೌಡಮ್ಮ ಚಂಗನೆ ಹಿಂದಕ್ಕೆ ಹಾರಿದಳು. "ಅಯ್ಯಯ್ಯೋ! ಪಂಚೆ ಒಳಗೆ ಹಸ್ರು ಕಣ್ಣು ಕಣ್ರವ್ವಾ! ರೆಪ್ಪೆ ಬಡೀತೈತೆ!"

"ಮಿಂಚುಹುಳ ಇರ್ಬೇಕು ಬಿಡಕ್ಕಾ," ಎಂದ ಲೋಹಿತ.

ಆಗ ಒಳಗಿನಿಂದ ದನಿ ಬಂತು. ಮುದಿ ದನಿ, ಕಫ ಕಟ್ಟಿದ್ದು. "ಉಪ್ಪು ಒಸಿ ಮುಂದಾಗೈತೆ."

ಸುಮಿತ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ಮಾವಯ್ಯ!" ಎಂದು ಅತ್ತೇಬಿಟ್ಟರು. ಚೌಡಮ್ಮ ಕಂಬ ತಬ್ಬಿಕೊಂಡಳು. ಅಷ್ಟು ಜನರಲ್ಲಿ ಹೆದರದೆ ಇದ್ದವನು ಲೋಹಿತನೊಬ್ಬನೇ. ನಟರಾಜರ ಮನೆಯಲ್ಲೂ ಇವತ್ತು ಹಬ್ಬ, ಅಲ್ಲಿ ಯಾರೋ ವಯಸ್ಸಾದವರು ಊಟಕ್ಕೆ ಕುಳಿತಿದ್ದಾರೆ, ಲ್ಯಾಪ್‌ಟಾಪಿನ ಸದ್ದು ತಗ್ಗಿಸಲು ತಾನು ಮರೆತೆ, ಅಷ್ಟೇ. ಬಾಯಿಬಿಟ್ಟು ಹೇಳುವಂತಿರಲಿಲ್ಲ, ನಗುವಂತೆಯೂ ಇರಲಿಲ್ಲ.

ಬ್ರಾಂದಿ ಇಟ್ಟವನೆಂಬ ಧೈರ್ಯದಲ್ಲಿ ಗುಂಡಯ್ಯ ಬಾಗಿಲ ಹತ್ತಿರ ಹೋಗಿ ಕೇಳಿದ. "ಸುಬ್ಬಯ್ಯಣ್ಣಾ, ನಾನು ಗುಂಡ. ಏನಾರ ಬೇಕಿತ್ತಾ?"

"ಕೂತ್ಕಳಪ್ಪಾ, ಕೂತ್ಕ. ಮಾತಾಡಾಣ," ಎಂದಿತು ದನಿ.

ಗುಂಡಯ್ಯ ನಿಂತಲ್ಲೇ ದೊಪ್ಪನೆ ಕುಳಿತ. ಅವನ ಹಿಂದೆ ಚೌಡಮ್ಮನೂ ಕುಳಿತಳು. ಒಳಗೆ ಮಾತು ಸಾಗಿತು. ಒಮ್ಮೆ ನಟರಾಜರ ದನಿ, ಒಮ್ಮೆ ಮುದುಕರ ದನಿ. ಈಗ ದನಿ ತಗ್ಗಿತ್ತು, ಗೋಡೆ ದಪ್ಪ, ಮಾತು ತಿಳಿಯದು. ನಡುವೆ ಗಹಗಹ ನಗು. ಸರ್ರನೆ ಕುರ್ಚಿ ಎಳೆದ ಸದ್ದು. ಮಗ್ಗೆಯವರ ಮನೆ ಕುರ್ಚಿ ಇಷ್ಟು ಹತ್ತಿರದಲ್ಲಿ ಕೇಳುತ್ತದಲ್ಲ, ವೈರಿನ ನೆಟ್ ಎಂದರೆ ಇದು ಎಂದು ಲೋಹಿತ ಒಳಗೊಳಗೇ ಹಿಗ್ಗಿದ.

ಸುಮಿತ್ರಮ್ಮ ಎದ್ದೇಬಿಟ್ಟರು. "ನಾನು ಒಳಕ್ಕೋಗಿ ಮಾವಯ್ಯನ ಕಾಲಿಗೆ ಬೀಳ್ತೀನಿ ಕಣ್ಲಾ. ಬಿಡು."

ಗಂಟೆ ಇನ್ನೂ ತುಂಬಿರಲಿಲ್ಲ. ಲೋಹಿತ ಬಾಗಿಲಿಗೆ ಬೆನ್ನು ಕೊಟ್ಟು ಅಡ್ಡ ನಿಂತ. "ಬ್ಯಾಡ ಕಣವ್ವಾ! ಅಜ್ಜಯ್ಯ ಉಣ್ತಾವ್ರೆ. ಅರ್ಧಕ್ಕೆ ಎದ್ದು ಹೋಗ್ಬುಟ್ರೆ ಮನೆಗೆ ಒಳ್ಳೇದಾ?"

ಆ ಮಾತು ಕೇಳಿ ಗುಂಡಯ್ಯನ ಕಣ್ಣಲ್ಲಿ ನೀರು ಬಂತು. "ನೋಡವ್ವಾ, ನಿನ್ನ ಮಗಂಗೆ ಹಿರೀರ ಮ್ಯಾಲೆ ಎಂಥಾ ಭಕ್ತಿ! ಇಂಥೋನಿಗೂ ಹೆಣ್ಣು ಕೊಡಲ್ಲ ಅಂತಾರಲ್ಲ ಈ ಜನ."

ಭಕ್ತನ ಬೆನ್ನಿಗೆ ಬಾಗಿಲು ಮಂಜುಗಡ್ಡೆಯಂತೆ ತಣ್ಣಗಿತ್ತು. ಆದರೂ ಅವನು ಜಗ್ಗಲಿಲ್ಲ. ಫೋನಿನಲ್ಲಿ ಗಂಟೆ ತುಂಬಿದ್ದೇ, ಹಿರಿಯರಿಗೆ ತಿಳಿಯಲೆಂದು ವಾಡಿಕೆಯಂತೆ ಮೂರು ಸಲ ಕೆಮ್ಮಿ, ತಾನೊಬ್ಬನೇ ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡ.

ಎಲೆ ಖಾಲಿಯಾಗಿತ್ತು. ಬ್ರಾಂದಿ ಲೋಟವೂ. ಹಾಳು ಬೆಕ್ಕು ಎಂದುಕೊಂಡ. ಮೂಲೆಯಲ್ಲಿದ್ದ ಕುರ್ಚಿ ಮೇಜಿನ ಎದುರಿಗೆ ಬಂದಿತ್ತು. ಫೋಟೋ ಪಕ್ಕಕ್ಕೆ ಸರಿದು, ಗೋಡೆಗೆ ಮುಖ ಮಾಡಿ ನಿಂತಿತ್ತು. ಪರದೆಯಲ್ಲಿ ನಟರಾಜ್ ಖುಷಿಯಾಗಿ ಕುಳಿತಿದ್ದರು.

"ಎಲ್ಲಪ್ಪಾ, ನಿಮ್ಮಜ್ಜ ಎದ್ದು ಹೋದ್ರಾ?"

"ನಮ್ಮಜ್ಜಾನಾ? ನಿಮ್ಮನೇಲಿ ಯಾರೋ ಹಿರೀರು ಮಾತಾಡ್ತಿದ್ರಲ್ಲ ಸಾರ್..."

"ನಮ್ಮನೇಲಿ ಹಿರೀರೆಲ್ಲಿದ್ದಾರೆ? ನಾನು, ನನ್ನ ಹೆಂಡ್ತಿ, ಮಗಳು, ಅಷ್ಟೇ. ಕಿವೀಲಿ ಕೆಂಪು ಕಲ್ಲಿನ ಒಂಟಿ ಹಾಕ್ಕಂಡು, ಹೊಸ ಪಂಚೆ ಉಟ್ಕಂಡು ಒಂದು ಗಂಟೆ ನಮ್ಮ ಜೊತೆ ಕೂತಿದ್ರಲ್ಲಪ್ಪಾ!"

ಹಬ್ಬಿನ ಮೇಲೆ ಪಂಚೆ ಇರಲಿಲ್ಲ. ಹಸಿರು ದೀಪ ಬಟ್ಟಬಯಲಲ್ಲಿ ಮಿಣುಕುತ್ತಿತ್ತು. ಲೋಹಿತ ಫೋಟೋವನ್ನು ಕ್ಯಾಮೆರಾದ ಕಡೆ ತಿರುಗಿಸಿದ.

"ಹ್ಞಾ, ಅವ್ರೇ. ಅದ್ಯಾಕಪ್ಪಾ ಫೋಟೋಗೆ ಹಾರ ಹಾಕಿದ್ದೀಯಾ? ಬದುಕಿರೋರಿಗೆ ಹಂಗೆಲ್ಲ ಮಾಡ್ಬಾರ್ದು." ನಟರಾಜರು ಉತ್ತರಕ್ಕೆ ಕಾಯಲಿಲ್ಲ. "ಒಳ್ಳೇ ಕಾಲಕ್ಕೆ ಬಂದು ಹೇಳಿದ್ರು ಪುಣ್ಯಾತ್ಮರು. ಅವ್ರ ಅವ್ವ, ನಮ್ಮಪ್ಪನ ಅವ್ವ ಇಬ್ರೂ ಒಡಹುಟ್ಟಿದೋರಂತೆ ಕಣಯ್ಯಾ! ನಮಗೆ ಗೊತ್ತೇ ಇರ್ಲಿಲ್ಲ. ಅಂದ್ರೆ ನಿಮ್ಮಪ್ಪಂಗೆ ನಾನು ತಮ್ಮ ಆಗ್ಬೇಕು. ನಿಂಗೆ ಚಿಕ್ಕಪ್ಪ. ಎಂಥಾ ಪಾಪ ಮಾಡ್ಬಿಡ್ತಿದ್ವಿ ನೋಡು, ದೇವ್ರು ಕಾಪಾಡ್ದ."

ಅಜ್ಜಯ್ಯ ಸತ್ತ ಮೇಲೂ ಎದ್ದು ಬಂದದ್ದಕ್ಕೆ ಹೆದರಬೇಕೋ, ಬಂದು ಇಂಥ ಕೆಲಸ ಮಾಡಿ ಹೋದದ್ದಕ್ಕೆ ಅಳಬೇಕೋ ಲೋಹಿತನಿಗೆ ತಿಳಿಯಲಿಲ್ಲ. ಕುರ್ಚಿಯ ಕಡೆಯಿಂದ ಬೀಡಿ ವಾಸನೆ ತೇಲಿ ಬಂತು. ಅಷ್ಟರಲ್ಲಿ ಪರದೆಯ ಮೂಲೆಯಿಂದ ಪೂಜಿತಾ ಮುಖ ತೂರಿಸಿ, ಬಾಯ್ತುಂಬ ನಕ್ಕಳು.

"ನೆಟ್ ಮಾತ್ರ ಒಂದ್ಸಲಾನೂ ಕಟ್ ಆಗ್ಲಿಲ್ಲ ಕಣಣ್ಣಾ! ಆ ಹಬ್ಬು ಯಾವ್ದು ಅಂತ ಹೇಳಣ್ಣಾ. ಪಕ್ಷ ಕಳೆದ ಮೇಲೆ ನನ್ನ ನೋಡೋಕೆ ಇನ್ನೊಬ್ರು ಬರ್ತಾವ್ರೆ, ಅವ್ರಿಗೂ ಅದನ್ನೇ ತರ್ಸೋಕೆ ಹೇಳ್ತೀನಿ."